ಸಮುದ್ರಪೂಜೆ ಆದ ಮೇಲೆ

ನೈರೋಬಿಯಲ್ಲಿ ಕಡಲಿಲ್ಲ. ಆದರೂ ಪ್ರತಿ ವರ್ಷ ನೂಲ ಹುಣ್ಣಿಮೆಯ ಬೆಳಿಗ್ಗೆ ಕಮಲಾಕ್ಷಿ ಒಂದು ತಂಬಿಗೆ ಹಾಲು, ಮೊಂಬಾಸಾದಿಂದ ಬಂದ ಒಂದು ತೆಂಗಿನಕಾಯಿ ಹಿಡಿದುಕೊಂಡು ಲಂಗಾಟಾದ ಬಾಡಿಗೆ ಮನೆಯಿಂದ ನೈರೋಬಿ ಡ್ಯಾಮಿನ ದಂಡೆಗೆ ನಡೆದು ಹೋಗುತ್ತಿದ್ದಳು. ಅವಳ ಹಿಂದೆ ಗಂಡ ವಾಮನ ಕುಂದರ್. ಅವನ ಹಿಂದೆ ಮುಸಿಮುಸಿ ನಗುತ್ತ ಗೆಳೆಯ ಹೆರಾಲ್ಡ್. ಹಾಲು ನೀರಿಗೆ ಬಿದ್ದು, ಬಿಳಿಯಾಗಿ ಹರಡಿ, ಕರಗುವವರೆಗೂ ಮೂವರೂ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ತೆಂಗಿನಕಾಯಿ. ಅದು ಒಮ್ಮೆ ಮುಳುಗಿ, ಎದ್ದು, ಜೊಂಡಿನ ಕಡೆಗೆ ತೇಲುತ್ತ ಹೋಗುತ್ತಿತ್ತು.

"ಕಮಲಕ್ಕ, ಈ ಡ್ಯಾಮಿನಲ್ಲಿ ಇರುವುದು ನಾಲ್ಕು ಕಪ್ಪೆ, ಎರಡು ಕೊಕ್ಕರೆ. ಇವುಗಳಿಗೂ ಪೂಜೆ ಆಗ್ಬೇಕಾ?" ಎಂದು ಹೆರಾಲ್ಡ್ ಕೇಳುತ್ತಿದ್ದ. ಅವನು ಮಂಗಳೂರಿನ ಕ್ರೈಸ್ತ, ಲ್ಯಾವಿಂಗ್ಟನ್ನಿನ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಮಾಸ್ತರ.

"ನೀರು ನೀರೇ, ಮಾಸ್ಟ್ರೇ. ನಿಮ್ಮ ಪಾದ್ರಿಗಳು ನಲ್ಲಿ ನೀರಿಗೆ ಪ್ರಾರ್ಥನೆ ಮಾಡಿ ತಲೆಗೆ ಚಿಮುಕಿಸುವುದಿಲ್ವಾ?" ಎನ್ನುತ್ತಿದ್ದಳು ಕಮಲಾಕ್ಷಿ.

ಹೆರಾಲ್ಡನಿಗೂ ವಾಮನನಿಗೂ ಸೇರಿ ಡ್ಯಾಮಿನ ದಂಡೆಯಲ್ಲಿ ಒಂದು ಪುಟ್ಟ ಹಾಯಿದೋಣಿಯಿತ್ತು. ಶನಿವಾರ ಮಧ್ಯಾಹ್ನ ಅದರಲ್ಲಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದರು. ಜೂನ್ ಬಂದ ಕೂಡಲೇ ವಾಮನ ದೋಣಿಯನ್ನು ಮೇಲೆಳೆದು ಮಗುಚಿ ಹಾಕುತ್ತಿದ್ದ. ಊರಾದ ಮಲ್ಪೆಯಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದಿಡುತ್ತಾರೆ. ನೂಲ ಹುಣ್ಣಿಮೆಯ ದಿನ ಕಡಲಿಗೆ ಹಾಲೆರೆದು, ಕಾಯಿ ಬಿಟ್ಟು, ಸಮುದ್ರಪೂಜೆ ಮಾಡಿದ ಮೇಲೆಯೇ ಮತ್ತೆ ನೀರಿಗಿಳಿಸುವುದು. ನೈರೋಬಿಯಲ್ಲಿ ಆ ತಿಂಗಳುಗಳಲ್ಲಿ ಮಳೆಯೇ ಇಲ್ಲ. ಬರೀ ಮೋಡ, ಚಳಿ. ಹೆರಾಲ್ಡ್ ಎಷ್ಟು ತಮಾಷೆ ಮಾಡಿದರೂ ವಾಮನ ದೋಣಿ ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಾರಣ ಒಂದು ಮಾತು. ಕಮಲಾಕ್ಷಿಗೆ ಒಂಬತ್ತು ವರ್ಷವಾಗಿದ್ದಾಗ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ಮೂರು ದಿನ ಬಿಸಿಲು ಬಿತ್ತು. ಕಡಲು ಹಾಸಿಗೆಯಂತೆ ಮಲಗಿತ್ತು. ಮನೆಯಲ್ಲಿ ಅಕ್ಕಿ ಇರಲಿಲ್ಲ. ಅವಳ ಅಪ್ಪ ಮತ್ತು ಅಣ್ಣ ಅನಂತ್ ದೋಣಿ ಇಳಿಸಿದರು. ನಾಲ್ಕನೆಯ ದಿನ ಕಾಪುವಿನ ದಡಕ್ಕೆ ದೋಣಿಯೊಂದೇ ಬಂತು, ಹೊಟ್ಟೆ ಮೇಲಾಗಿ. ಮುಂದೆ ಹದಿಮೂರು ವರ್ಷ ಕಳೆದು ಮಗಳ ಮದುವೆಯಾದ ಮರುದಿನ ಕಮಲಾಕ್ಷಿಯ ತಾಯಿ ಅಳಿಯನನ್ನು ನೀರಿನ ಅಂಚಿಗೆ ಕರೆದೊಯ್ದು, ಅವನ ಬೊಗಸೆಗೆ ಕಡಲ ನೀರು ಹಾಕಿ ಹೇಳಿಸಿದಳು: ದೋಣಿ ಎಳೆದಿಟ್ಟ ಮೇಲೆ ಸಮುದ್ರಪೂಜೆ ಆಗುವ ತನಕ ಹಾಯಿ ಕಟ್ಟಿದ ಯಾವುದರ ಮೇಲೂ ಕಾಲಿಡುವುದಿಲ್ಲ. ಇಪ್ಪತ್ತಾರರ ವಾಮನ ಹೇಳಿದ. ನೈರೋಬಿಯ ನಕ್ಷೆ ಕಚೇರಿಯಲ್ಲಿ ಕೂತು ಗೆರೆ ಎಳೆಯುವ ತನಗೆ ಆ ಮಾತಿನಿಂದ ಏನು ನಷ್ಟ ಎಂದುಕೊಂಡ.

ಅವನು ನೈರೋಬಿಗೆ ಬಂದದ್ದು ಅದಕ್ಕೂ ಐದು ವರ್ಷ ಮೊದಲು, ೧೯೫೯ರಲ್ಲಿ. ಕೈ ಚೆನ್ನಾಗಿದೆ ಎಂದು ಯಾರೋ ಹೇಳಿದ್ದರಿಂದ ಸರಕಾರಿ ನಕ್ಷೆ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಮೇಲಧಿಕಾರಿ ಮೆಕ್ಕಿನ್ನನ್ ಸ್ಕಾಟ್ಲೆಂಡಿನ ಪಶ್ಚಿಮ ತೀರದವರು. ಹುಡುಗನ ಕೈ ಪಳಗಲಿ ಎಂದು ಅವರು ತಮ್ಮ ಊರಿನ ಹಳೆಯ ಕಡಲ ನಕ್ಷೆಯೊಂದನ್ನು ಕೊಟ್ಟು, ಇದರ ಪ್ರತಿ ಮಾಡು ಎಂದರು. ದಿನವೂ ಕಚೇರಿ ಮುಗಿದ ಮೇಲೆ ಒಂದು ತಾಸು. ಹದಿನಾಲ್ಕು ತಿಂಗಳು. ಮಲ್, ಐಯೋನಾ, ಸ್ಟಾಫಾ, ಎಗ್, ರಮ್, ಸ್ಕೈ — ಒಂದೊಂದು ದ್ವೀಪದ ಅಂಚನ್ನೂ ಕೂದಲಿನಷ್ಟು ತೆಳುವಾದ ನಿಬ್ಬಿನಿಂದ ಎಳೆದ. ನೀರಿನ ಆಳ ಎಷ್ಟು ಮಾರು ಎಂದು ಹೇಳುವ ನೂರಾರು ಅಂಕಿಗಳನ್ನು ಬರೆದ. ನಕ್ಷೆಯ ಅಡಿಯಲ್ಲಿ ಮೂರು ಚಿತ್ರಗಳಿದ್ದವು. ಸ್ಟಾಫಾ, ಎಗ್, ರಮ್ ಈ ಮೂರು ದ್ವೀಪಗಳು ದೋಣಿಯಲ್ಲಿ ಬರುವವನ ಕಣ್ಣಿಗೆ ದೂರದಿಂದ ಹೇಗೆ ಕಾಣುತ್ತವೆ ಎಂಬ ಚಿತ್ರಗಳು. ಅವನ್ನೂ ಬರೆದ.

ಸ್ಟಾಫಾದ ಚಿತ್ರ ಬರೆಯುವಾಗ ಅವನ ಕೈ ನಿಂತುಹೋಗಿತ್ತು. ಆರು ಮೂಲೆಯ ಕಲ್ಲಿನ ಕಂಬಗಳು, ಯಾರೋ ಕೂತು ಜೋಡಿಸಿಟ್ಟ ಹಾಗೆ ಒತ್ತೊತ್ತಾಗಿ ನೀರಿನಿಂದ ಎದ್ದಿದ್ದವು.

"ಸರ್, ಇದು ನಮ್ಮೂರಿನ ಕಲ್ಲು," ಎಂದ.

ಮಲ್ಪೆಯ ಎದುರಿನ ತೋನ್ಸೆಪಾರ್ ದ್ವೀಪದಲ್ಲಿ ಇಂಥವೇ ಕಂಬಗಳಿವೆ. ಅಪ್ಪನ ದೋಣಿಯಲ್ಲಿ ಹೋಗಿ ಅವುಗಳ ಮೇಲೆ ಹತ್ತಿ ಇಳಿದು ಆಡಿದ್ದೆ ಎಂದು ಹೇಳಿದ. ಮೆಕ್ಕಿನ್ನನ್ ನಂಬಲಿಲ್ಲ. ಮುಂದಿನ ರಜೆಗೆ ಊರಿಗೆ ಹೋದಾಗ ವಾಮನ ಒಂದು ಫೋಟೊ ತಂದು ತೋರಿಸಿದ. ಅವತ್ತಿನಿಂದ ಅವರಿಬ್ಬರ ನಡುವೆ ಸಾಹೇಬ-ಗುಮಾಸ್ತ ಎಂಬುದು ಅರ್ಧ ಕರಗಿತು. ಕೆಲಸ ಬಿಟ್ಟು ಊರಿಗೆ ಮರಳುವಾಗ ಮೆಕ್ಕಿನ್ನನ್, "ನಮ್ಮ ಓಬನ್ ಬಂದರಿನಲ್ಲಿ ನನ್ನದೊಂದು ಹಾಯಿದೋಣಿ ಇರುತ್ತದೆ. ಬಾ, ನೀನು ಬರೆದದ್ದು ಸರಿಯೋ ತಪ್ಪೋ ನೀನೇ ನೋಡು," ಎಂದರು. ಪ್ರತಿ ಕ್ರಿಸ್‌ಮಸ್ ಕಾಗದದಲ್ಲೂ ಅದನ್ನೇ ಬರೆದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಾಮನ, ಬರ್ತೇನೆ ಸರ್ ಎಂದೇ ಉತ್ತರಿಸಿದ. ಹೋಗುವುದಕ್ಕೆ ಅವಸರವೇನೂ ಇರಲಿಲ್ಲ.

೧೯೮೮ರ ಫೆಬ್ರವರಿಯಲ್ಲಿ ಅವಸರ ಬಂತು.

ಸಂಜೆಯಾದರೆ ಮೆಟ್ಟಿಲು ಕಾಣುವುದಿಲ್ಲ, ಪಕ್ಕದಿಂದ ಬರುವ ಮಟಾಟು ವ್ಯಾನು ಮೈಮೇಲೆ ಬರುವ ತನಕ ಗೊತ್ತಾಗುವುದಿಲ್ಲ ಎಂದು ಅವನು ಕಣ್ಣಿನ ಡಾಕ್ಟರ ಬಳಿ ಹೋದ. ಡಾಕ್ಟರ್ ಸೂರ್ಯನಾರಾಯಣ ಮೈಸೂರಿನವರು. ತುಂಬ ಹೊತ್ತು ದೀಪ ಬಿಟ್ಟು ನೋಡಿದರು. ಆಮೇಲೆ ದೀಪ ಆರಿಸಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ ಕುಂದರ್, ನಿಮ್ಮ ಹತ್ರ ಮುಚ್ಚುಮರೆ ಮಾಡಲ್ಲ ನಾನು. ಕಣ್ಣಿನ ಒಳಪೊರೆ ಅಂಚಿನಿಂದ ಒಣಗ್ತಾ ಬರ್ತಿದೆ. ಇದಕ್ಕೆ ಔಷಧಿ ಇಲ್ಲ. ಆಪರೇಷನ್ನೂ ಇಲ್ಲ."

"ಎಷ್ಟು ಸಮಯ ಉಂಟು ಡಾಕ್ಟ್ರೇ?"

"ಎರಡು ವರ್ಷ ಅಂತಿಟ್ಕೊಳ್ಳಿ. ಹೆಚ್ಚೂ ಸಿಗಬಹುದು. ಆದ್ರೆ ಏನೇನು ನೋಡ್ಬೇಕು ಅಂತಿದೆಯೋ, ಅದನ್ನೆಲ್ಲ ಈ ವರ್ಷವೇ ನೋಡ್ಬಿಡಿ." ಏಳುತ್ತ, "ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ," ಎಂದರು.

"ಆಯ್ತು," ಎಂದ ವಾಮನ. ಕರೆದುಕೊಂಡು ಹೋಗಲಿಲ್ಲ. ಅವತ್ತು ಮಧ್ಯಾಹ್ನವೇ ಕಚೇರಿಯಲ್ಲಿ ಕೂತು ಮೆಕ್ಕಿನ್ನನ್‌ಗೆ ಕಾಗದ ಬರೆದ: ಈ ಬೇಸಿಗೆಯಲ್ಲಿ ಬರಲೇ?

ಮೂರು ವಾರದಲ್ಲಿ ಉತ್ತರ ಬಂತು. ಜೂನ್ ಹತ್ತರಂದು ಓಬನ್ನಿನಿಂದ ಹೊರಡೋಣ. ಮಲ್ ದ್ವೀಪವನ್ನು ಬಳಸಿ ಐಯೋನಾ, ಸ್ಟಾಫಾ. ಅಲ್ಲಿಂದ ಉತ್ತರಕ್ಕೆ ಎಗ್, ರಮ್, ಸ್ಕೈ. ಮೂರು ವಾರ. ಜೂನ್ ನಮ್ಮಲ್ಲಿ ಅತ್ಯಂತ ತಿಳಿಯಾದ ತಿಂಗಳು, ರಾತ್ರಿ ಹತ್ತಾದರೂ ಬೆಳಕಿರುತ್ತದೆ. ದೋಣಿ ನಡೆಸಲು ಇನ್ನೊಬ್ಬ ಗಟ್ಟಿ ಆಳು ಬೇಕು, ನಿನ್ನ ಆ ಮಾಸ್ತರ ಗೆಳೆಯನನ್ನೂ ಕರೆದುಕೊಂಡು ಬಾ.

ಕಮಲಾಕ್ಷಿ ಅಡುಗೆಮನೆಯಲ್ಲಿ ಸುಕುಮಾ ಸೊಪ್ಪು ಹೆಚ್ಚುತ್ತಿದ್ದಳು. ವಾಮನ ಕಾಗದವನ್ನು ಓದಿ, ಅರ್ಥ ಹೇಳಿದ. ಅದು ಅವಳಿಗೆ ಬೇಕಿರಲಿಲ್ಲ. ಲ್ಯಾವಿಂಗ್ಟನ್ನಿನ ಶಿಶುವಿಹಾರದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಅವಳಿಗೆ ಇಂಗ್ಲಿಷ್ ಗೊತ್ತಿತ್ತು. ಆದರೆ ಅರ್ಥ ಹೇಳುವಾಗ ಅವನ ದನಿಯಲ್ಲಿದ್ದ ಉಲ್ಲಾಸ ಕೇಳಿ ಅವಳೂ ನಕ್ಕಳು. ಆಮೇಲೆ ತಾರೀಕು ಕೇಳಿದಳು. ಕೈ ಒರೆಸಿಕೊಂಡು ಹೋಗಿ, ಊರಿನಿಂದ ತರಿಸಿದ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿದಳು.

"ಹುಣ್ಣಿಮೆ ಈ ಸಲ ಆಗಸ್ಟ್ ಇಪ್ಪತ್ತೇಳಕ್ಕೆ."

"ಕಮಲ, ಅದು ಸ್ಕಾಟ್ಲೆಂಡ್. ನಮ್ಮ ಮಳೆಗಾಲ ಅಲ್ಲಿಗೆ ಇಲ್ಲ. ಅಲ್ಲಿ ಜೂನೇ ಒಳ್ಳೆ ಕಾಲ."

"ಅಲ್ಲಿಯ ನೀರು, ಇಲ್ಲಿಯ ನೀರು ಅಂತ ನಡುವೆ ಗೋಡೆ ಕಟ್ಟಿದ್ದಾರಾ?"

"ಹಾಗಲ್ಲ—"

"ಅಪ್ಪನೂ ಒಳ್ಳೆ ಕಾಲ ಅಂತಲೇ ಹೇಳಿದ್ದು. ಬಿಸಿಲು ಉಂಟು, ಹೋಗಿ ಬರ್ತೇವೆ ಅಂತ." ಅವಳು ಮತ್ತೆ ಚಾಕು ಎತ್ತಿಕೊಂಡಳು. ಸೊಪ್ಪು ಹೆಚ್ಚಲಾಗಲಿಲ್ಲ. "ನೀವು ಅಮ್ಮನಿಗೆ ಮಾತು ಕೊಟ್ಟವರು. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಪೂಜೆ ಆದ ಮೇಲೆ ಹೋಗಿ. ನಾನೇ ಬುತ್ತಿ ಕಟ್ಟಿ ಕಳಿಸ್ತೇನೆ."

ವಾಮನನಿಗೆ ಆಗ ಕಾಣುತ್ತಿದ್ದದ್ದು ಎದುರಿನ ಒಂದು ಬಟ್ಟಲಿನ ಬಾಯಿಯಷ್ಟು ಜಾಗ. ಆ ಬಟ್ಟಲಿನೊಳಗೆ ಕಮಲಾಕ್ಷಿಯ ಕೈ, ಅದರಲ್ಲಿದ್ದ ಚಾಕು. ಡಾಕ್ಟರ ಮಾತು ಅವನ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಅವಳು ಹೋಗಿ ಎನ್ನುತ್ತಾಳೆ. ಹಾಗೆ ಹೇಳಿ, ಮೂರು ವಾರ ಈ ಮನೆಯಲ್ಲಿ ಒಬ್ಬಳೇ, ಒಂಬತ್ತು ವರ್ಷದ ಹುಡುಗಿಯಾಗಿ, ಕಾಪುವಿನ ದಡದಲ್ಲಿ ನಿಂತಿರುತ್ತಾಳೆ. ಅವರಿಗೆ ಮಕ್ಕಳಿರಲಿಲ್ಲ, ಅವಳ ಜೊತೆಗೆ ನಿಲ್ಲುವವರು ಯಾರೂ ಇರಲಿಲ್ಲ.

"ಸರಿ. ಬರುವ ವರ್ಷ ಹುಣ್ಣಿಮೆ ಬೇಗ ಬರ್ತದಾ ನೋಡು," ಎಂದ.

ಆಗಸ್ಟಿನ ಕೊನೆಗೆ ಹೋಗಲು ಸಾಧ್ಯವಿರಲಿಲ್ಲ. ಸೆಪ್ಟೆಂಬರ್ ಬಂತೆಂದರೆ ಅಲ್ಲಿ ಗಾಳಿ ಏಳುತ್ತದೆ. ಮೆಕ್ಕಿನ್ನನ್ ದೋಣಿ ಮೇಲೆಳೆದಿಡುತ್ತಿದ್ದರು. ೧೯೮೯ರಲ್ಲಿ ಹುಣ್ಣಿಮೆ ಆಗಸ್ಟ್ ಹದಿನೇಳಕ್ಕೆ ಬಂತು. ಹೊರಡುವ ದಿನವನ್ನೂ ಗೊತ್ತುಮಾಡಿದರು. ಆದರೆ ಆ ಬೇಸಿಗೆ ಮೆಕ್ಕಿನ್ನನ್ ಸೊಂಟದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು. ದೋಣಿ ನೀರಿಗಿಳಿಯಲೇ ಇಲ್ಲ. ೧೯೯೦ರಲ್ಲಿ ಆಗಸ್ಟ್ ಆರು. "ನೋಡಿ, ದೇವರೇ ಹುಣ್ಣಿಮೆಯನ್ನು ಹಿಂದಕ್ಕೆ ಎಳೆದು ಕೊಟ್ಟಿದ್ದಾನೆ," ಎಂದು ಕಮಲಾಕ್ಷಿ ಕ್ಯಾಲೆಂಡರಿನಲ್ಲಿ ಆ ಚೌಕಕ್ಕೆ ಕುಂಕುಮ ಹಚ್ಚಿದಳು.

ಆ ಎರಡು ವರ್ಷ ಅವರ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿರಲಿಲ್ಲ. ವಾಮನನ ನಕ್ಷೆಯನ್ನು ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಭಾನುವಾರ ಹೆರಾಲ್ಡ್ ಬಂದರೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣಬೇಕಾಗಿತ್ತು. ಅವನು ಉಬ್ಬರ-ಇಳಿತದ ಪುಸ್ತಕ ತರಿಸಿದ. ಎಲ್ಲಿ ಲಂಗರು ಹಾಕುವುದು, ಯಾವ ಗಾಳಿ ಬಂದರೆ ಯಾವ ಕೊಲ್ಲಿಗೆ ಹೊಗುವುದು ಎಂದು ಗಂಟೆಗಟ್ಟಲೆ ಚರ್ಚೆ. ಕಮಲಾಕ್ಷಿ ಇಬ್ಬರಿಗೂ ದಪ್ಪ ಉಣ್ಣೆಯ ಸ್ವೆಟರ್ ಹೆಣೆದಳು. ಅವಳದೇ ಒಂದು ಪಟ್ಟಿ ಬೇರೆ: ಹುರಿದ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಶುಂಠಿ, ಬೆಲ್ಲ.

"ಮಾಸ್ಟ್ರೇ, ನಿಮ್ಮ ಸಾಯಿಬರು ಒಣಮೀನು ತಿಂತಾರಾ?"

"ಕುರಿಯ ಹೊಟ್ಟೆಗೆ ಅದರದ್ದೇ ಕರುಳು ತುಂಬಿಸಿ ಬೇಯಿಸಿ ತಿನ್ನುವ ಜನ ಅವರು ಅಕ್ಕ. ಆದ್ರೆ ನಿಮ್ಮ ಒಣಮೀನಿನ ಡಬ್ಬ ತೆರೆದ್ರೆ ದೋಣಿಯಿಂದ ಹಾರ್ತಾರೆ."

"ಹಾರಲಿ. ಈಜು ಬರ್ತದಲ್ಲ ಅವರಿಗೆ."

ವಾಮನ ನಗುತ್ತಿದ್ದ. ಅಷ್ಟರಲ್ಲಿ ಬಟ್ಟಲಿನ ಬಾಯಿ ಚಿಕ್ಕದಾಗಿ ಒಂದು ಶಿಲಿಂಗ್ ನಾಣ್ಯದಷ್ಟಾಗಿತ್ತು. ಕಚೇರಿಯಲ್ಲಿ ಅವನನ್ನು ಗೆರೆ ಎಳೆಯುವ ಮೇಜಿನಿಂದ ನಕ್ಷೆಗಳ ಉಗ್ರಾಣಕ್ಕೆ ಕಳಿಸಿದ್ದರು. ಮನೆಯಲ್ಲಿ ಬಡ್ತಿ ಎಂದು ಹೇಳಿದ್ದ. ಅಲ್ಲಿ ಯಾವ ಕಪಾಟಿನ ಎಷ್ಟನೆಯ ಖಾನೆಯಲ್ಲಿ ಯಾವ ಹಾಳೆ ಇದೆ ಎಂದು ಕೈಗೆ ಗೊತ್ತಿತ್ತು. ಬೆಳಿಗ್ಗೆ ಹೆರಾಲ್ಡನ ಕಾರು, ಸಂಜೆ ಹೆರಾಲ್ಡನ ಕಾರು. ಮಟಾಟುವಿನಲ್ಲಿ ಬಹಳ ನೂಕುನುಗ್ಗಲು ಎಂಬ ನೆಪ. ಮನೆಯ ಹೆಜ್ಜೆಗಳೆಲ್ಲ ಎಣಿಕೆಯಲ್ಲಿದ್ದವು. ನಾಣ್ಯದಷ್ಟು ಸಾಕು ಎಂದು ಅವನು ತನಗೇ ಹೇಳಿಕೊಳ್ಳುತ್ತಿದ್ದ. ದೂರದ ಒಂದು ದ್ವೀಪ ನಾಣ್ಯದೊಳಗೆ ಹಿಡಿಸುತ್ತದೆ.

೧೯೯೦ರ ಜೂನಿನಲ್ಲಿ ಆ ನಾಣ್ಯದ ಮೇಲೂ ಮಂಜು ಕವಿಯಿತು. ಬೆಳಕು, ನೆರಳು, ಮನುಷ್ಯರ ಎತ್ತರ ಇವಷ್ಟೇ ಉಳಿದವು. ಅವನು ಆಗಲೂ ಹೇಳಲಿಲ್ಲ. ಹೇಗೆ ಹೇಳುವುದೆಂಬುದೇ ಆಗ ಗೊತ್ತಿರಲಿಲ್ಲ.

ಜುಲೈ ಎರಡನೆಯ ಭಾನುವಾರ. ಹೊರಡಲು ಇನ್ನು ನಾಲ್ಕು ವಾರ. ಬೆಳಿಗ್ಗೆ ಕಮಲಾಕ್ಷಿ ನಕ್ಷೆ ತೆಗೆದು, ಮೇಜು ಒರೆಸಿ, ಮತ್ತೆ ಹಾಸಿದಳು. ಒಲೆಯ ಮೇಲೆ ಹಾಲಿತ್ತು. ಅವಸರದಲ್ಲಿ ತಲೆಕೆಳಗಾಗಿ ಹಾಸಿದ್ದು ಅವಳ ಗಮನಕ್ಕೆ ಬರಲಿಲ್ಲ. ಹೆರಾಲ್ಡ್ ಬಂದು ಸೋಫಾದಲ್ಲಿ ಕೂತು ಉಬ್ಬರದ ಪುಸ್ತಕ ತೆರೆದ.

"ವಾಮನ, ಸ್ಟಾಫಾಕ್ಕೆ ದಕ್ಷಿಣದಿಂದ ಹತ್ತಿರ ಹೋಗ್ಬಹುದಾ? ಆಳ ಎಷ್ಟುಂಟು ನೋಡು."

ವಾಮನ ಎದ್ದು ಮೂರು ಹೆಜ್ಜೆ ಇಟ್ಟು, ಮೇಜಿನ ಅಂಚು ಮುಟ್ಟಿ, ಬಾಗಿದ. ನೋಡುವವನ ಹಾಗೆ ಕಣ್ಣು ಕಿರಿದು ಮಾಡಿದ. ಬೆರಳನ್ನು ನಕ್ಷೆಯ ಮೇಲೆ ಒಂದು ಕಡೆ ಊರಿದ.

"ಇಲ್ಲಿ ನೋಡು, ಸ್ಟಾಫಾ. ಕೆಳಗೆ ಹದಿನೆಂಟು ಮಾರು. ಆಮೇಲೆ ಹನ್ನೊಂದು. ಇಲ್ಲಿ ಒಂಬತ್ತು. ಈ ಚುಕ್ಕಿ ಉಂಟಲ್ಲ, ಅದು ಬಂಡೆ. ಅದನ್ನು ಬಲಕ್ಕೆ ಬಿಟ್ಟು ಹೋಗ್ಬೇಕು."

ಕಮಲಾಕ್ಷಿ ಚಹಾ ಲೋಟಗಳೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ಅವನ ಬೆರಳು ನೀರಿನಲ್ಲಿರಲಿಲ್ಲ. ನೆಲದ ನಡುವೆ, ಬೆಟ್ಟದ ಮೇಲಿತ್ತು. ಅಲ್ಲಿ ಅಂಕಿಯೂ ಇರಲಿಲ್ಲ, ಚುಕ್ಕಿಯೂ ಇರಲಿಲ್ಲ. ಎಂದೂ ಅವನ ಕಡೆಗಿರುತ್ತಿದ್ದ ಮೂರು ಚಿತ್ರಗಳು ಆಚೆ ತುದಿಯಲ್ಲಿ ತಲೆ ಕೆಳಗಾಗಿ ನೇತಾಡುತ್ತಿದ್ದವು. ಅವನು ಇನ್ನೂ ಹೇಳುತ್ತಲೇ ಇದ್ದ. ಒಂದೂ ಅಂಕಿ ತಪ್ಪಿರಲಿಲ್ಲ.

ಹೆರಾಲ್ಡ್ ಎದ್ದು ಬಂದು ನೋಡಿದ. ಕಮಲಾಕ್ಷಿಯ ಮುಖ ನೋಡಿದ. "ಕಾರಿನ ಕಿಟಕಿ ಹಾಕಿದ್ದೇನಾ ಇಲ್ವಾ," ಎಂದು ಗೊಣಗಿ ಹೊರಗೆ ಹೋದ.

ಅವಳು ಲೋಟಗಳನ್ನು ಕೆಳಗಿಟ್ಟಳು. ಹತ್ತಿರ ಬಂದು ಅವನ ಬೆರಳನ್ನು ಹಿಡಿದುಕೊಂಡಳು.

"ನಕ್ಷೆ ತಲೆಕೆಳಗುಂಟು," ಎಂದಳು.

ವಾಮನ ಕುರ್ಚಿಯನ್ನು ಕೈಯಲ್ಲಿ ಹುಡುಕಿ ಕೂತ. ಹುಡುಕುವುದನ್ನು ಇನ್ನು ಅಡಗಿಸಬೇಕಾಗಿರಲಿಲ್ಲ.

"ಯಾವಾಗಿನಿಂದ?"

"ಡಾಕ್ಟ್ರು ಹೇಳಿದ್ದು ಎಂಬತ್ತೆಂಟರ ಫೆಬ್ರವರಿಯಲ್ಲಿ."

"ಸಾಯಿಬರ ಕಾಗದ ಬಂದದ್ದು ಯಾವಾಗ?"

"ಅದಾಗಿ ಮೂರು ವಾರಕ್ಕೆ."

ಅವಳು ನಿಂತಲ್ಲೇ ಲೆಕ್ಕ ಹಾಕುವುದು ಅವನಿಗೆ ಕೇಳಿಸುವಂತಿತ್ತು.

"ಆ ಜೂನಿನಲ್ಲಿ ನಿಮಗೆ ಕಾಣ್ತಿತ್ತು."

"ಹೂಂ."

"ಎಲ್ಲಾ ಕಾಣ್ತಿತ್ತು."

"ಹಗಲು ಕಾಣ್ತಿತ್ತು."

"ನನಗೆ ಒಂದು ಮಾತು ಹೇಳಬಾರದಿತ್ತಾ? ಅಮ್ಮ ಹೋಗಿ ಹತ್ತು ವರ್ಷ ಆಯ್ತು. ನಾನು ಆ ಮಾತನ್ನು ಬಿಟ್ಟುಬಿಡ್ತಿದ್ದೆ. ಹೋಗಿ ಅಂತಿದ್ದೆ."

"ಅಂತಿದ್ದೆ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ. ಮೂರು ವಾರ ನೀನು ಇಲ್ಲಿ ದಿನಾ ಸಾಯ್ತಿದ್ದೆ."

"ಮೂರು ವಾರ ತಾನೇ," ಎಂದಳು ಕಮಲಾಕ್ಷಿ. "ಮೂರು ವಾರ ಸಾಯ್ತಿದ್ದೆ. ಈಗ?"

ಮರುದಿನ ಅವಳು ಶಿಶುವಿಹಾರಕ್ಕೆ ಹೋಗಲಿಲ್ಲ. ವಾಮನನನ್ನು ಕಚೇರಿಗೆ ಹೋಗಬಿಡಲಿಲ್ಲ. ಅವನ ಕೈ ಹಿಡಿದುಕೊಂಡು ಡ್ಯಾಮಿನ ದಂಡೆಗೆ ಬಂದಳು. ಮೋಡ ಕವಿದಿತ್ತು. ಆಚೆ ದಡದ ಮೇಲೆ ಕಿಬೇರಾ ಕೊಳೆಗೇರಿಯ ತಗಡಿನ ಮಾಡುಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ದಂಡೆಯ ದೋಣಿ ಕ್ಲಬ್ಬಿನ ಕಾವಲುಗಾರ, "ಹಬಾರಿ, ಮಾಮಾ," ಎಂದು ಕುಶಲ ಕೇಳಿದ್ದಕ್ಕೂ ಉತ್ತರಿಸದೆ, ಮಗುಚಿ ಹಾಕಿದ್ದ ದೋಣಿಯನ್ನು ತಾನೇ ಎರಡೂ ಕೈಯಲ್ಲಿ ಎತ್ತಿ ನೆಟ್ಟಗೆ ಹೊರಳಿಸಿದಳು. ಅರ್ಧ ನೀರಿಗೆ ನೂಕಿದಳು. ಒಂಬತ್ತು ವರ್ಷದವಳಿದ್ದಾಗಿನಿಂದ ದೋಣಿಗೆ ಕಾಲಿಡದವಳು ಹತ್ತಿ ಕೂತು, "ಬನ್ನಿ," ಎಂದಳು. "ಕೂತ್ಕೊಳ್ಳಿ. ಹುಣ್ಣಿಮೆ ಗಿಣ್ಣಿಮೆ ಏನೂ ಬೇಡ. ನಾಳೆಯೇ ಹೊರಡುವ. ಸಾಯಿಬರಿಗೆ ತಂತಿ ಕೊಡುವ. ನಾನೂ ಬರ್ತೇನೆ."

ವಾಮನ ದಂಡೆಯಲ್ಲೇ ನಿಂತಿದ್ದ. ಸಣ್ಣ ಅಲೆ ದೋಣಿಯ ಪಕ್ಕಕ್ಕೆ ತಟ್ಟುವ ಸದ್ದು ಕೇಳುತ್ತಿತ್ತು.

"ಇಳಿ ಕಮಲ. ಪೂಜೆ ಆಗಿಲ್ಲ."

"ಆಗದಿದ್ರೆ ಆಗಲಿಲ್ಲ!"

"ಇಷ್ಟು ಕಾದಿದ್ದೇವೆ. ಈಗ ಮುರಿದ್ರೆ ಕಾದದ್ದೆಲ್ಲ ಸುಮ್ಮನೆ ಅಂತಾಗ್ತದೆ. ಅಷ್ಟಾದ್ರೂ ಉಳೀಲಿ."

ಅವಳು ಇಳಿಯಲಿಲ್ಲ. ದೋಣಿಯೊಳಗೇ ಬಾಗಿ, ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಅವನು ಸದ್ದು ಹಿಡಿದು ಮುಂದೆ ಬಂದು, ನೀರಿನ ಅಂಚಿಗೆ ಒಂದು ಗೇಣು ಹಿಂದೆ ನಿಂತು, ದೋಣಿ ತೇಲಿ ಹೋಗದಂತೆ ಅದರ ಮೂತಿಯನ್ನು ಹಿಡಿದುಕೊಂಡ. ಅವಳ ಅಳು ನಿಲ್ಲುವವರೆಗೂ ಹಾಗೆಯೇ ಹಿಡಿದಿದ್ದ.

ಮೆಕ್ಕಿನ್ನನ್‌ಗೆ ಹೆರಾಲ್ಡ್ ಎಲ್ಲವನ್ನೂ ಬರೆದ. ಅವರು, ಕಣ್ಣಿಲ್ಲದಿದ್ದರೂ ಬಾ, ಎಂದು ಉತ್ತರಿಸಿದರು. ಕಮಲಾಕ್ಷಿ ಬೇಡಿಕೊಂಡಳು. ಹೆರಾಲ್ಡ್ ಬೈದ. "ನಾನು ಹಗ್ಗ ಹಿಡೀತೇನೆ, ನೀನು ಚುಕ್ಕಾಣಿ ಹಿಡಿ. ಗಾಳಿ ಕೆನ್ನೆಗೆ ತಾಗಿದ್ರೆ ಸಾಕು ನಿನಗೆ, ಕಣ್ಣು ಯಾಕೆ? ಡ್ಯಾಮಿನಲ್ಲಿ ಎರಡು ವರ್ಷ ನನ್ನನ್ನೇ ಮೋಸ ಮಾಡಿದ್ದಿ!"

"ಗಾಳಿ, ಉಪ್ಪು, ಮೀನಿನ ವಾಸನೆ ಎಲ್ಲ ಮಲ್ಪೆಯಲ್ಲೇ ಉಂಟು ಮಾರಾಯ," ಎಂದ ವಾಮನ. "ನನಗೆ ಬೇಕಾಗಿದ್ದದ್ದು ನಾನು ಬರೆದದ್ದು ಸರಿ ಉಂಟಾ ಅಂತ ನೋಡ್ಲಿಕ್ಕೆ. ನೀನು ಹೋಗಿ ನೋಡಿ ಬಾ. ಚಿತ್ರ ಬರೆದಲ್ಲಿ ದಿಕ್ಕು ಬರೆದಿದ್ದೇನೆ. ಅದೇ ದಿಕ್ಕಿನಿಂದ ಫೋಟೊ ತೆಗಿ."

ಆಗಸ್ಟ್ ಆರರಂದು ಮೂವರೂ ಡ್ಯಾಮಿಗೆ ಹೋಗಿ ಹಾಲು ಬಿಟ್ಟರು. ಹೆರಾಲ್ಡ್ ಆ ವರ್ಷ ಕಪ್ಪೆಯ ಮಾತೆತ್ತಲಿಲ್ಲ. ಮರುದಿನ ಅವನೊಬ್ಬನೇ ವಿಮಾನ ಹತ್ತಿದ. ಪೆಟ್ಟಿಗೆಯಲ್ಲಿ ಎರಡು ಸ್ವೆಟರುಗಳಿದ್ದವು. ಒಂದನ್ನು ಸಾಹೇಬರಿಗೆ ಕೊಡಬೇಕೆಂದು ಕಮಲಾಕ್ಷಿ ಹೇಳಿದ್ದಳು.

ತಿಂಗಳ ಕೊನೆಯಲ್ಲಿ ಮರಳಿದವನು ಫೋಟೊಗಳ ಲಕೋಟೆಯನ್ನೂ ಮೆಕ್ಕಿ‌ನ್ನನ್ ಕೊಟ್ಟ ಕಾಗದವನ್ನೂ ಮೇಜಿನ ಮೇಲಿಟ್ಟು, ಶಾಲೆ ತೆರೆಯಿತು, ಕೆಲಸ ಉಂಟು ಎಂದು ಕೂರದೆ ಹೋದ. ಅಂಥ ಮಾತುಗಾರ ಅಷ್ಟು ಬೇಗ ಹೋದದ್ದೇಕೆ ಎಂದು ಕಮಲಾಕ್ಷಿಗೆ ಫೋಟೊ ತೆಗೆದಾಗ ತಿಳಿಯಿತು.

"ಹೇಳು," ಎಂದ ವಾಮನ. ಅವನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ.

ಅವಳು ಮೊದಲನೆಯದನ್ನು ಬೆಳಕಿಗೆ ಹಿಡಿದಳು. ಎರಡನೆಯದನ್ನು ನೋಡಿದಳು. ಸುಳ್ಳು ಹೇಳುವುದು ಸುಲಭವಿತ್ತು. ಚಿತ್ರಗಳು ಎದುರಿಗೇ ಇದ್ದವು, ಅವನ್ನೇ ವರ್ಣಿಸಿದರಾಗುತ್ತಿತ್ತು.

"ಮಂಜು," ಎಂದಳು. "ಎಗ್ ಅಂತ ಬರೆದಿದ್ದಾರೆ ಹಿಂದೆ. ಬೆಟ್ಟ ಕಾಣುವುದಿಲ್ಲ. ಬೆಳ್ಳಗೆ ಉಂಟು ಅಷ್ಟೇ. ರಮ್ಮೂ ಹಾಗೇ. ಬರೀ ಬೆಳ್ಳಗೆ."

"ಎಲ್ಲಾ ಹಾಗೇನಾ?"

"ಇರಿ." ಕೊನೆಯ ಫೋಟೊ ಹತ್ತಿರದಿಂದ ತೆಗೆದದ್ದು. ಮಂಜಿನ ಕೆಳಗೆ, ಒದ್ದೆಯಾದ, ಕಪ್ಪು ಕಂಬಗಳು. ಒಂದಕ್ಕೊಂದು ಅಂಟಿಕೊಂಡು, ಆರಾರು ಮೂಲೆ. ಅವಳು ಅದನ್ನು ನಕ್ಷೆಯ ಅಡಿಯ ಚಿತ್ರದ ಪಕ್ಕದಲ್ಲಿಟ್ಟು ಒಂದೊಂದಾಗಿ ನೋಡಿದಳು. ಅವಳು ಶಿಶುವಿಹಾರದಲ್ಲಿ ಮಕ್ಕಳಿಗೆ ತೋರಿಸುವಂತೆ ಬೆರಳಿಟ್ಟು ನೋಡಿದಳು.

"ಸ್ಟಾಫಾ. ಎಡಗಡೆ ಕಂಬ ಸ್ವಲ್ಪ ಮುಂದೆ ಬಾಗಿದೆ. ನಡುವೆ ಗುಹೆ. ಗುಹೆಯ ಮೇಲೆ ಮಾಡಿನ ಹಾಗೆ ಕಲ್ಲು. ಎಲ್ಲಾ ನೀವು ಬರೆದ ಹಾಗೇ ಉಂಟು." ಅವಳು ಫೋಟೊದ ಮೇಲಿಂದ ಬೆರಳು ತೆಗೆದಳು. "ನಮ್ಮ ತೋನ್ಸೆಪಾರಿನ ಕಲ್ಲೇ."

ವಾಮನ ಕೈ ಚಾಚಿ ಫೋಟೊ ತೆಗೆದುಕೊಂಡು, ಅದರ ನುಣುಪಾದ ಮೈಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದ. "ಮಂಜೇ ಇದ್ದದ್ದು ಅಂತಾದ್ರೆ," ಎಂದ, "ನಾನು ಹೋಗಿದ್ರೂ ಅಷ್ಟೇ ಕಾಣ್ತಿದ್ದದ್ದು, ಅಲ್ವಾ? ಕಣ್ಣಿದ್ರೂ ಅಷ್ಟೇ."

"ಅಷ್ಟೇ," ಎಂದಳು ಕಮಲಾಕ್ಷಿ.

"ಸಾಯಿಬರ ಕಾಗದ ಓದು."

ಎರಡು ಹಾಳೆಗಳಿದ್ದವು. ಮೊದಲನೆಯದನ್ನು ಅವಳು ಓದಿದಳು. ಸ್ವೆಟರಿಗೆ ವಂದನೆ. ಹೆರಾಲ್ಡ್ ಒಳ್ಳೆಯ ನಾವಿಕ, ಅಡುಗೆ ಮಾತ್ರ ಬರುವುದಿಲ್ಲ. ಒಣಮೀನು ನನಗೆ ಇಷ್ಟವಾಯಿತು ಎಂದು ನಿನ್ನ ಹೆಂಡತಿಗೆ ಹೇಳು. ವಾಮನ ನಕ್ಕ. ಅವಳು ಎರಡನೆಯ ಹಾಳೆಗೆ ತಿರುಗಿದಳು. ಅಲ್ಲಿ ಮೆಕ್ಕಿನ್ನನ್ ಬರೆದಿದ್ದರು: ಆಗಸ್ಟಿನಲ್ಲಿ ಇಲ್ಲಿ ಯಾವಾಗಲೂ ಹೀಗೆಯೇ, ಮಳೆ ಮತ್ತು ಮಂಜು. ನೀನು ಬರಬೇಕಾಗಿದ್ದ ಆ ಎಂಬತ್ತೆಂಟರ ಜೂನ್ ಇತ್ತಲ್ಲ, ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಅಂಥ ಜೂನ್ ನೋಡಿಲ್ಲ. ಹತ್ತೊಂಬತ್ತು ದಿನ ಒಂದು ಮೋಡವಿರಲಿಲ್ಲ. ಕೊಳದಂಥ ನೀರು. ಒಂದೇ ಕಡೆ ನಿಂತರೆ ಎಲ್ಲ ದ್ವೀಪಗಳೂ ಕಾಣುತ್ತಿದ್ದವು, ರಾತ್ರಿ ಹತ್ತರವರೆಗೆ. ದಿನವೂ ನಿನ್ನನ್ನು ನೆನೆದೆ.

ಅವಳು ಆ ಹಾಳೆಯನ್ನು ಎರಡು ಸಲ ಓದಿದಳು, ಮನಸ್ಸಿನಲ್ಲಿ.

"ಮುಗೀತಾ?" ಎಂದು ವಾಮನ ಕೇಳಿದ.

"ಮುಗೀತು. ಕೊನೆಗೆ ಹೆಸರು ಬರೆದಿದ್ದಾರೆ."

ಅವನು ಕೈ ನೀಡಿದ. ಅವಳು ಕಾಗದ ಕೊಟ್ಟಳು. ಕೊಡದಿರಲು ಕಾರಣವಿರಲಿಲ್ಲ, ಅವನು ಓದಲಾರ. ಮೂವತ್ತು ವರ್ಷ ಕಾಗದದೊಡನೆ ಬದುಕಿದ ಬೆರಳುಗಳು ಅಂಚನ್ನು ಹಿಡಿದು ಒಮ್ಮೆ ಉಜ್ಜಿದವು. ಹಾಳೆಗಳು ಎರಡಾಗಿ ಜಾರಿದವು. ಎರಡನೆಯದರ ಮೇಲೆ ಅವನ ತೋರುಬೆರಳು ನಿಧಾನವಾಗಿ, ಮೇಲಿನಿಂದ ಕೆಳಗಿನವರೆಗೆ, ಪೆನ್ನು ಒತ್ತಿ ಬರೆದ ಸಾಲುಗಳ ತಗ್ಗುಗಳನ್ನು ತಡವುತ್ತ ಹೋಯಿತು. ಹಾಳೆ ತುಂಬ ಬರೆದಿತ್ತು.

ಕಮಲಾಕ್ಷಿ ಆ ಬೆರಳನ್ನೇ ನೋಡುತ್ತ ನಿಂತಿದ್ದಳು.

ವಾಮನ ಎರಡೂ ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ. ಲಕೋಟೆಗೆ ಹಾಕಿ ಅವಳ ಕಡೆಗೆ ಚಾಚಿದ.

"ಸರಿ," ಎಂದ. "ಮೇಜು ಖಾಲಿ ಮಾಡು. ಇವತ್ತು ಇಲ್ಲೇ ಕೂತು ಉಣ್ಣುವ."

ಅವಳು ನಕ್ಷೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತೆಗೆದಳು. ನಕ್ಷೆಯನ್ನು ಒಂದು ತುದಿಯಿಂದ ಅವಳು, ಇನ್ನೊಂದು ತುದಿಯಿಂದ ಅವನು ಹಿಡಿದು, ಸುಕ್ಕಾಗದ ಹಾಗೆ, ಇಬ್ಬರೂ ಸೇರಿ ಸುತ್ತಿದರು.